ಕರೆಂಟ್ ಕೊಟ್ಟ ಮೈ

ಹೊಳೆನರಸೀಪುರದ ಕಾಲೇಜೊಂದರಲ್ಲಿ ನಾನು ಎರಡನೇ ಪಿಯುಸಿಗೆ ಭೌತಶಾಸ್ತ್ರ ಕಲಿಸುತ್ತೇನೆ. ವಿಕಿರಣದ ಪಾಠವೆಂದರೆ ಆಲ್ಫಾ ಕಾಗದಕ್ಕೇ ನಿಲ್ಲುತ್ತದೆ, ಬೀಟಾಕ್ಕೆ ಅಲ್ಯೂಮಿನಿಯಂ ತಗಡು ಸಾಕು, ಗಾಮಾಕ್ಕೆ ದಪ್ಪ ಸೀಸ ಬೇಕು. ಆಮೇಲೆ ಅರ್ಧಾಯುಷ್ಯದ, ಅಂದರೆ ವಿಕಿರಣ ಅರ್ಧಕ್ಕಿಳಿಯಲು ಹಿಡಿಯುವ ಕಾಲದ, ಎರಡು ಲೆಕ್ಕ. ಆ ವರ್ಷ, ತೂಕಡಿಸುತ್ತಿದ್ದ ಮಕ್ಕಳನ್ನು ಎಬ್ಬಿಸಲೆಂದು, "ಗಾಮಾ ಮೈಗೆ ಹೊಕ್ಕರೆ ಸುಲಭಕ್ಕೆ ಬಿಡುವುದಿಲ್ಲ" ಎಂದೂ ಹೆದರಿಸಿದ್ದೆ.

ಹಳೇಕೋಟೆ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಸಾ, ಮನುಷ್ಯರ ಮೈಯಾಗಿರೋ ವಿಕಿರಣದ ಅರ್ಧಾಯುಷ್ಯ ಎಷ್ಟು ದಿನ?"

"ಯಾರ ಮೈಯಲ್ಲಮ್ಮ?"

"ನಮ್ಮವ್ವನ್ದು. ಎದೆ ಕ್ಯಾನ್ಸರು. ಮೈಸೂರ್ನಾಗೆ ಐದು ವಾರ ಕರೆಂಟ್ ಕೊಟ್ಟವ್ರೆ."

ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಕರೆಂಟ್ ಕೊಡುವುದು ಎನ್ನುತ್ತಾರೆ. ಮಿಕ್ಕಿದ್ದನ್ನು ನೆಲ ನೋಡುತ್ತ ಹೇಳಿದಳು. ಅವ್ವನಿಗೆ ತಟ್ಟೆ ಲೋಟ ಬೇರೆ, ಹಿತ್ತಿಲ ಕೋಣೆಯಲ್ಲಿ ಒಬ್ಬಳದೇ ಹಾಸಿಗೆ. ಎರಡು ತಿಂಗಳಿಂದ ಯಾರೂ ಅವ್ವನನ್ನು ಮುಟ್ಟಿರಲಿಲ್ಲ. ನನ್ನ ಪಾಠ ಕೇಳಿ, ಅವ್ವನ ಮೈಯಲ್ಲಿ ವಿಕಿರಣ ಇದೆ, ಮುಟ್ಟಬೇಡಿ ಎಂದು ಮನೆಯವರಿಗೆ ಹೇಳಿದ್ದು ಇವಳೇ.

ಕಿರಣ ಬಂದದ್ದು ಹೊರಗಿನ ಯಂತ್ರದಿಂದ. ಯಂತ್ರ ಆರಿಸಿದ ಕ್ಷಣವೇ ಅದು ಮುಗಿಯಿತು, ಮೈಯಲ್ಲಿ ಉಳಿಯುವುದಿಲ್ಲ ಎಂದೆ. ವಿಕಿರಣ ಸೂಸುವ ವಸ್ತುವೇ ದೇಹದೊಳಗಿದ್ದರೆ ಮಾತು ಬೇರೆ. ಥೈರಾಯ್ಡ್‌ಗೆ ಅಂಥ ಅಯೋಡಿನ್ ಕುಡಿದವರು ಕೆಲವು ದಿನ ದೂರವಿರಬೇಕಾಗುತ್ತದೆ. "ನಿಮ್ಮವ್ವನಿಂದ ಯಾರಿಗೂ ಏನೂ ಆಗಲ್ಲ ಕಣಮ್ಮ."

ಅಂದೇ ಸಂಜೆ ಅವಳ ಜೊತೆ ಬಸ್ಸು ಹತ್ತಿದೆ. ಹಿತ್ತಿಲ ಕೋಣೆಯಲ್ಲಿ ಅವಳ ಅವ್ವ ಗೋಡೆಗೊರಗಿ ಕೂತಿದ್ದರು. ಹುಡುಗಿಯ ಅಜ್ಜಿ ಬಾಗಿಲಾಚೆಯೇ ನಿಂತು, "ನಮಗೇನ್ ಗೊತ್ತು ಸಾ, ಓದೋ ಮಗ ಏಳ್ತು, ಅಂಗೇ ಮಾಡುದ್ವಿ" ಎಂದರು. ನಾನು ಒಳಗೆ ಹೋಗಿ ಆ ತಾಯಿಯ ಪಕ್ಕ ಕೂತು, ಆಕೆಯ ಲೋಟದಲ್ಲೇ ನೀರು ಕುಡಿದೆ. ಎಲ್ಲವನ್ನೂ ಮತ್ತೊಮ್ಮೆ ವಿವರಿಸಿದೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಬಂದರು. ಹುಡುಗಿ ಅವ್ವನ ಕೈ ಹಿಡಿಯಲು ಹೋದಳು.

ಆಕೆ ಥಟ್ಟನೆ ಕೈ ಎಳೆದುಕೊಂಡರು. "ಬ್ಯಾಡ ಕಣವ್ವ, ದೂರ ಓಗು. ನಿಂಗೂ ಬಂದ್ಬುಟ್ಟಾತು."

ನಾನು ಇನ್ನೂ ಮೂರು ಸಲ ಹೋದೆ. ಆಕೆ ನನ್ನ ಮಾತಿಗೆಲ್ಲ ತಲೆಯಾಡಿಸುತ್ತಿದ್ದರು. ಮಗಳು ಹತ್ತಿರ ಬಂದರೆ ಮಾತ್ರ ಹಿಂದೆ ಸರಿಯುತ್ತಿದ್ದರು. ಅಷ್ಟರಲ್ಲಿ ರೋಗ ಮೂಳೆಗೆ ಇಳಿದಿತ್ತು. ಪರೀಕ್ಷೆಗೆ ಮುಂಚೆಯೇ ಆಕೆ ತೀರಿಕೊಂಡರು.

ಹುಡುಗಿ ಬೇರೆಲ್ಲ ವಿಷಯ ಬರೆದಳು, ಭೌತಶಾಸ್ತ್ರದ ದಿನ ಬರಲಿಲ್ಲ. ಟಿ.ಸಿ. ತೆಗೆದುಕೊಳ್ಳಲು ಬಂದವಳು ನನ್ನ ಮೇಜಿನ ಬಳಿಗೂ ಬಂದಳು.

"ಕೊನೇ ಎರಡು ದಿನ ಗ್ಯಾನ ಇರ್ನಿಲ್ಲ ಸಾ ಅವ್ವಂಗೆ. ಆಗ ಕೈ ಇಡ್ಕಂಡಿದ್ದೆ. ಎಳ್ಕಳ್ಳಿಲ್ಲ."