ಬಳೆ ಇಡಲೊಪ್ಪದ ಬಳೆಗಾರ್ತಿ

ಆಕೆಯ ಬಲಗೈ ಹೆಬ್ಬೆರಳಿನ ತುಂಬ ಗಾಜು ಗೀರಿದ ಬಿಳಿ ಗೆರೆಗಳು. ಆ ಬೆರಳಿನಿಂದ ಅಂಗೈ ಅದುಮಿ ಹಿಡಿದರೆ ಎಷ್ಟು ಬಿಗಿಯಾದ ಬಳೆಯೂ ನೋವಿಲ್ಲದೆ ಮಣಿಕಟ್ಟಿಗೆ ಇಳಿಯುತ್ತಿತ್ತು. ನಾರಾಯಣಪೇಟೆಯ ನಮ್ಮ ನೇಕಾರರ ಓಣಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಆ ಬಳೆಗಾರ್ತಿಗೆ ಬಾಯಿ ಮಾತ್ರ ಜೋರು.

ನಾನಾಗ ಹದಿನಾರರ ಹೊಸ ಸೊಸೆ. ದೀಪಾವಳಿಯ ಎಣ್ಣೆನೀರಿನಲ್ಲಿ ಅತ್ತೆಯ ಮೈಯುಜ್ಜುವಾಗ ಅವರ ಎಡ ಮೊಲೆಯಲ್ಲಿ ಒಂದು ಗಂಟು ಕೈಗೆ ತಾಗಿತು. "ಯಾರಿಗೂ ಹೇಳಬ್ಯಾಡ" ಎಂದರು. ಮನೆಯಲ್ಲಿ ಹೇಳಲಾಗದೆ ಬಳೆಗಾರ್ತಿಗೆ ಹೇಳಿಬಿಟ್ಟೆ. ಆಕೆ ಅತ್ತೆಯನ್ನು ಒಳಗೆ ಕರೆದೊಯ್ದು ಮುಟ್ಟಿ ನೋಡಿದಳು.

"ಅಕ್ಕಾ, ರಾಯಚೂರಾಗ ಡಾಕ್ಟರಮ್ಮ ಅದಾರ್ರಿ. ನಾನ ಕರಕೊಂಡು ಹೋಗ್ತೀನಿ."

"ಕಡ್ಲಿಕಾಳಿನಷ್ಟೈತಿ. ನೋವೂ ಇಲ್ಲ, ಏನೂ ಇಲ್ಲ."

"ನಮ್ಮವ್ವನೂ ಹಿಂಗ ಅಂದಿದ್ಲು. ಸಣ್ಣದಿದ್ದಾಗ ಹೋಗಬೇಕ್ರಿ, ನೋವು ಬಂದ ಮ್ಯಾಲಲ್ಲ."

ಪ್ರತಿ ತಿಂಗಳೂ ಆಕೆಯದು ಒಂದೇ ಪ್ರಶ್ನೆ: "ಹೋಗಿ ಬಂದ್ರೇನ್ರಿ?" ನಮ್ಮದು ಹೊಸ ನೆಪ. ಮಗ್ಗದ ಮೇಲೆ ಮದುವೆ ಸೀರೆ ಇದೆ, ಬಸುರಿ ನಾದಿನಿಯ ಕುಬುಸದ ಶಾಸ್ತ್ರ ಇದೆ. ಮಾವನಿಗಂತೂ ಆ ಮಾತು ಕಿವಿಗೆ ಬೀಳುವುದೇ ಬೇಡ. ಯುಗಾದಿಗೆ ಬಂದವಳು ಅತ್ತೆ ಚಾಚಿದ ಕೈಯನ್ನು ಹಾಗೇ ಬಿಟ್ಟು ಬುಟ್ಟಿ ಮುಚ್ಚಿದಳು.

"ದವಾಖಾನಿಗೆ ಹೋಗಿ ಬರ್ರಿ, ಆಮ್ಯಾಲೆ ಇಡ್ತೀನಿ."

ಹಬ್ಬದ ದಿನ ಮುತ್ತೈದೆಗೆ ಬಳೆ ಇಡಲಿಲ್ಲವೆಂದು ಓಣಿಯೆಲ್ಲ ಆಕೆಯನ್ನು ಬೈದಿತು. ಮಾವ ಇನ್ನು ಹೊಸ್ತಿಲು ತುಳಿಯಬೇಡ ಎಂದರು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ.

ನಲವತ್ತೆಂಟರ ಆ ಬೇಸಿಗೆಯಲ್ಲಿ ರಜಾಕಾರರ ಗದ್ದಲ, ಆಮೇಲೆ ಸೈನ್ಯ ಬಂದ ಪೊಲೀಸ್ ಕಾರ್ಯಾಚರಣೆ. ಊರು ದಾಟಲು ಭಯ. ಅಷ್ಟರಲ್ಲಿ ಗಂಟು ಒಡೆದು ಸೋರತೊಡಗಿತು. ದಾರಿ ತೆರೆದ ಮೇಲೆ ಅತ್ತೆಯನ್ನು ರಾಯಚೂರಿಗೆ ಒಯ್ದೆವು. ಕ್ಯಾನ್ಸರ್ ಎಂಬ ಶಬ್ದ ನಾವು ಕೇಳಿದ್ದು ಅಲ್ಲೇ ಮೊದಲು. "ಎಷ್ಟು ದಿನ ಆಯ್ತು?" ಎಂದು ಡಾಕ್ಟರಮ್ಮ ಕೇಳಿದರು. ದೀಪಾವಳಿ ಬಂದರೆ ವರ್ಷವಾಗುತ್ತಿತ್ತು. ಸಂಕ್ರಾಂತಿಗೆ ಮುಂಚೆಯೇ ಅತ್ತೆ ತೀರಿಕೊಂಡರು.

"ಗದ್ದಲದಾಗ ಹೋಗಾಕ ಆಗಲಿಲ್ಲ" ಎಂದು ಮನೆಯವರು ಇಂದಿಗೂ ಹೇಳುತ್ತಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಗದ್ದಲಕ್ಕೆ ಮೊದಲು ಆರು ತಿಂಗಳು ರೈಲು ದಿನಾ ಓಡುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ನನ್ನ ಎದೆಯಲ್ಲೂ ಒಂದು ಗಂಟು ಸಿಕ್ಕಿತು. ಯಾರನ್ನೂ ಕೇಳಲಿಲ್ಲ, ಮೂರನೆಯ ದಿನವೇ ರಾಯಚೂರಿಗೆ ಹೊರಟೆ. ತೆಗೆದರು, ಉಳಿದೆ. ಅದನ್ನು ಹೇಳಲೆಂದು ಮಕ್ತಲಿನ ಮಗನ ಮನೆಯಲ್ಲಿದ್ದ ಬಳೆಗಾರ್ತಿಯನ್ನು ಹುಡುಕಿಕೊಂಡು ಹೋದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಆಕೆ ನನ್ನ ಅಂಗೈಯನ್ನು ಆ ಹೆಬ್ಬೆರಳಿನಿಂದ ಅದುಮಿ ಹಿಡಿದಳು.

"ನಿಮ್ಮತ್ತಿನ್ನ ಎಳಕೊಂಡಾದ್ರೂ ಹೋಗಬೇಕಿತ್ತವ್ವಾ ನಾನು. ಸಿಟ್ಟು ಮಾಡಿ ಎದ್ದು ಬಂದುಬಿಟ್ನಿ."

ಮುಂದಿನ ಮಳೆಗಾಲದಲ್ಲಿ ಆಕೆ ತೀರಿದಳು. ಸುದ್ದಿ ತಡವಾಗಿ ಬಂತು, ಮಣ್ಣು ಕೊಡಲೂ ಹೋಗಲಾಗಲಿಲ್ಲ. ನನಗೀಗ ಎಂಬತ್ತು.