ಅವ್ವನ ಪಾಲಿನ ಪಲ್ಯ

ಜೂನ್ ಮೊದಲ ವಾರದಿಂದ ನಾನು ಅವ್ವನ ಊಟ ಬರೆದಿಡುತ್ತಿದ್ದೆ. ತಾರೀಖು, ಹೊತ್ತು, ಏನು ಬಡಿಸಿದೆ, ಎಷ್ಟು ಬಡಿಸಿದೆ. ಅವಳ ಗರ್ಭಕೋಶದಲ್ಲಿ ಗಡ್ಡೆ ಇತ್ತು. ಮುಟ್ಟಾದರೆ ರಕ್ತ ನಿಲ್ಲುತ್ತಿರಲಿಲ್ಲ. ಹೊಸಪೇಟೆಯ ಡಾಕ್ಟರಮ್ಮ ಪರೀಕ್ಷೆಯ ಚೀಟಿ ನೋಡಿ, "ರಕ್ತ ಏಳೂ ಇಲ್ಲಲ್ರಿ. ಹತ್ತಕ್ಕ ಬರೋತನಕ ಆಪರೇಷನ್ ಆಗಂಗಿಲ್ಲ" ಎಂದಿದ್ದರು. ಕಬ್ಬಿಣದ ಮಾತ್ರೆ ನುಂಗಿದರೆ ಅವ್ವನಿಗೆ ವಾಂತಿ.

"ತತ್ತಿ, ಲಿವರ್ ತಿಂತೀರೇನು?"

ಅವ್ವ ಕೊರಳಿನ ಲಿಂಗ ಮುಟ್ಟಿಕೊಂಡಳು. ಡಾಕ್ಟರಮ್ಮ ಮತ್ತೆ ಕೇಳಲಿಲ್ಲ. "ಹಂಗಾರ ಸೊಪ್ಪು, ಹುರುಳಿಕಾಳು, ಶೇಂಗಾ ತಿನ್ರಿ. ಮ್ಯಾಲೆ ನಿಂಬೆಹಣ್ಣು ಹಿಂಡ್ಕೊಳ್ರಿ. ಉಂಡ ಕೂಡ್ಲೆ ಚಾ ಮಾತ್ರ ಬ್ಯಾಡ."

ಅಂದಿನಿಂದ ಬೆಳಗಿನ ಅಡುಗೆ ನನ್ನದಾಯಿತು. ಒಂದು ದಿನ ನುಗ್ಗೆಸೊಪ್ಪು, ಒಂದು ದಿನ ರಾಜಗಿರಿ, ನಡುವೆ ಮೊಳಕೆ ಕಟ್ಟಿದ ಹುರುಳಿ. ಸಂಡೂರಿನಲ್ಲಿ ಸೊಪ್ಪನ್ನು ಎಷ್ಟು ತೊಳೆದರೂ ಬೋಗುಣಿಯ ತಳದಲ್ಲಿ ಅದಿರಿನ ಕೆಂಪು ನಿಲ್ಲುತ್ತದೆ. ಅದಿರಿನ ಲಾರಿ ಓಡಿಸುವ ಅಣ್ಣ ರಜೆ ಇದ್ದ ದಿನ ಅದನ್ನು ನೋಡಿ ನಗುತ್ತಿದ್ದ. "ಲೇ, ಯಾಕ ತೊಳೀತಿ? ಕಬ್ಬಿಣ ಎಲ್ಲಾ ಬಚ್ಚಲಕ್ಕ ಹೊಂಟೈತಿ ನೋಡು."

ಅಪ್ಪ ಮೊದಲು ಉಂಡು ಹೋಗುತ್ತಿದ್ದ. ಉಳಿದದ್ದನ್ನು ಮೂರು ಪಾಲು ಮಾಡಿ, ಅಣ್ಣನದನ್ನು ಬೇರೆ ಇಟ್ಟು, ನನ್ನ ಪಾಲಿನ ಪಲ್ಯವನ್ನೂ ಅವ್ವನ ತಟ್ಟೆಗೇ ಹಾಕಿ ಮುಚ್ಚುತ್ತಿದ್ದೆ. ನನಗೆ ರೊಟ್ಟಿಗೆ ಶೇಂಗಾಚಟ್ನಿಪುಡಿ ಸಾಕಾಗುತ್ತಿತ್ತು. "ಉಣ್ಣವ್ವ" ಎಂದರೆ, "ನೀ ಕಾಲೇಜಿಗೆ ನಡಿ, ಮೈತೊಳಕೊಂಡು ಪೂಜಿ ಮಾಡಿ ಉಣ್ತೀನಿ" ಎನ್ನುತ್ತಿದ್ದಳು. ಬಸ್ಸಿನಲ್ಲಿ ಕೂತು ನಾನು ಆ ದಿನದ ಊಟ ಬರೆದುಕೊಳ್ಳುತ್ತಿದ್ದೆ.

ಜುಲೈ ಕೊನೆಗೆ ಮತ್ತೆ ಪರೀಕ್ಷೆ ಮಾಡಿಸಿದೆವು. ಆರೂವರೆ. ಡಾಕ್ಟರಮ್ಮ ನನ್ನನ್ನೇ ನೋಡಿ, "ಏನು ತಿನಸ್ತಿಯವ್ವ ಇವರಿಗೆ?" ಎಂದರು. ನಾನು ಬರೆದದ್ದನ್ನೆಲ್ಲ ಓದಿ ಹೇಳಿದೆ. ಅವ್ವ ಗೋಡೆ ನೋಡುತ್ತಾ ಕೂತಿದ್ದಳು.

ಆಗಸ್ಟಿನಲ್ಲಿ ಅವಳು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಮೇಲೆಯೇ ಬಿದ್ದಳು. ಹೊಸಪೇಟೆಗೆ ಒಯ್ದೆವು. ಕೂಡಲೇ ಒಂದು ಚೀಲ ರಕ್ತ ಏರಿಸಬೇಕು, ಆಪರೇಷನ್ನಿಗೆ ಮೊದಲು ಇನ್ನೊಂದು ಬೇಕು, ಕೊಟ್ಟಷ್ಟು ಚೀಲಕ್ಕೆ ಮನೆಯವರು ಬದಲಿ ರಕ್ತ ಕೊಡಬೇಕು ಎಂದರು. ಅಪ್ಪನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ಉಳಿದವರು ಅಣ್ಣ ಮತ್ತು ನಾನು.

ರಕ್ತ ತೆಗೆಯುವ ಕೋಣೆಯಲ್ಲಿ ಮೊದಲು ನಾನೇ ಬೆರಳು ಚಾಚಿದೆ. ಚುಚ್ಚಿ ನೋಡಿದ ಹೆಂಗಸು ಯಂತ್ರವನ್ನು ಒರೆಸಿ ಇನ್ನೊಂದು ಬೆರಳು ಚುಚ್ಚಿದಳು.

"ಎಂಟೂವರೆ ಐತಿ, ಹನ್ನೆರಡೂವರೆ ಬೇಕು. ನೀ ಕೊಡಾಕ ಬಂದೀಯೋ, ತಗೊಳ್ಳಾಕ ಬಂದೀಯೋ?"

ನಾನು ಬೆರಳಿಗೆ ಹತ್ತಿ ಒತ್ತಿಕೊಂಡು ಪಕ್ಕಕ್ಕೆ ಸರಿದೆ. ಹಿಂದಿದ್ದ ಅಣ್ಣ ಅಂಗಿಯ ತೋಳು ಮಡಚುತ್ತಾ ಮುಂದೆ ಬಂದ. ಅವನದು ಹದಿನೈದು.

"ನಂದು ಇಷ್ಟು ಇರಲಾರದೇನು?" ಎಂದು ಅವನು ಆ ಹೆಂಗಸಿಗೆ ಹೇಳುತ್ತಿದ್ದ. "ರಾತ್ರಿಪಾಳಿ ಮುಗಿಸಿ ಹೋದ್ರ ಅವ್ವ ದಿನಾ ತನ್ನ ತಟ್ಟಿಯಾಗಿನ ಪಲ್ಯ ಎಲ್ಲಾ ನನಗ ಸುರೀತಾಳ. ಬ್ಯಾಡ ಅಂದ್ರೂ ಬಿಡಂಗಿಲ್ಲ. ಲಾರಿ ಓಡಸಾವ, ನಿದ್ದಿಗೆಟ್ಟಾವ ಅಂತ."

ಅವನು ಮಲಗಿ ಮುಷ್ಟಿ ಬಿಗಿದು ಬಿಡುತ್ತಾ ರಕ್ತ ಕೊಟ್ಟ. ಅವನ ರಕ್ತದ ಬದಲಿಗೆ ಯಾರದೋ ಒಂದು ಚೀಲ ಅವ್ವನ ಮಂಚದ ಪಕ್ಕ ಬಂದು ತೂಗಿತು. ಅವಳ ತುಟಿಗೆ ಬಣ್ಣ ಬರಲು ಸಂಜೆಯಾಯಿತು.

"ಅವ್ವ, ನೀ ಪಲ್ಯ ತಿಂದೇ ಇಲ್ಲಲ್ಲ?" ಎಂದೆ.

"ತಿಂದೀನಿ. ಸೋಮವಾರ ಒಪ್ಪತ್ತು ಬಿಟ್ಟು."

"ಸುಳ್ಳು."

"ದುಡಿಯೋ ಹುಡುಗ ಮುಂದ ಬಂದು ಕುಂತಾಗ ನಾ ಹೆಂಗ ಉಣ್ಲಿ?" ಎಂದು ಕಣ್ಣು ಮುಚ್ಚಿದಳು. ನನ್ನ ಎಂಟೂವರೆಯ ಸುದ್ದಿ ಅಣ್ಣ ಆಗಲೇ ಹೇಳಿದ್ದ. ಅವ್ವ ಕಣ್ಣು ಬಿಡದೆಯೇ ಅಂದಳು: "ಇವತ್ತ ರಾಜಗಿರಿ ಪಲ್ಯ ಮಾಡು. ಅಣ್ಣಗ ಸುಸ್ತಾಗಿರ್ತದ, ಬಿಸಿ ಬಿಸಿ ಹಾಕು. ಉಳಿದ್ರ ನೀನೂ ತಿನ್ನು."

ಅಣ್ಣ ಮತ್ತೆ ರಕ್ತ ಕೊಡಲು ಮೂರು ತಿಂಗಳಾಗಬೇಕು. ಎರಡನೆಯ ಚೀಲದ ಬದಲಿ ನನ್ನಿಂದಲೇ ಬರಬೇಕು, ಇಲ್ಲವೇ ಊರಿನಲ್ಲಿ ಯಾರ ಕೈಕಾಲಾದರೂ ಹಿಡಿಯಬೇಕು. ಅಷ್ಟರವರೆಗೆ ಅವ್ವನ ಗಡ್ಡೆ ಅಲ್ಲೇ ಇರುತ್ತದೆ, ರಕ್ತ ಹೋಗುತ್ತಲೇ ಇರುತ್ತದೆ.

ಅಪ್ಪನನ್ನು ಅವಳ ಹತ್ತಿರ ಬಿಟ್ಟು ಸಂಡೂರಿಗೆ ಬಂದೆವು. ಪಲ್ಯ ಮಾಡಿದೆ. ಅಣ್ಣನನ್ನು ಕರೆಯುವ ಮೊದಲು ಒಲೆಯ ಮುಂದೆ ನಿಂತೇ ನನ್ನ ಪಾಲು ಉಂಡೆ. ಒಂದೊಂದು ತುತ್ತನ್ನೂ ನೀರು ಕುಡಿದು ನುಂಗಿದೆ.