ಆರು ಸಿಲಿಂಡರಿಗೆ ಹಂಚಿದ ಡೀಸೆಲ್

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ, ಏಳನೇ ಇಯತ್ತೆಗೆ, ನನ್ನ ಓದು ನಿಂತಿತು. ಆಗ ಔರಾದ ಸೀಮೆಯ ನಮ್ಮೂರಿನಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಮಾಸ್ತರರು ಹಾಜರಿ ಕೂಗಿದರೆ ಅರ್ಧ ಮಕ್ಕಳು ದುಡಿಯಲು ಹೋದ ಮನೆಯವರ ಜೊತೆ ಹೈದರಾಬಾದಿನಲ್ಲಿರುತ್ತಿದ್ದರು. ಮಳೆ ಕೈಕೊಟ್ಟಿತ್ತು. ಅಪ್ಪ ಮೊದಲೇ ಅಲ್ಲಿಗೆ ಗಾರೆ ಕೆಲಸಕ್ಕೆ ಹೋಗಿದ್ದ. ನಾನು ಭಾಲ್ಕಿಯಲ್ಲಿ ಖಾದರ್ ಉಸ್ತಾದರ ಡೀಸೆಲ್ ಪಂಪ್ ರಿಪೇರಿ ಅಂಗಡಿ ಸೇರಿದೆ.

ಅಲ್ಲಿ ಇಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಲಾರಿ ಪಂಪನ್ನು ಯಂತ್ರಕ್ಕೆ ಕಟ್ಟಿ ತಿರುಗಿಸುತ್ತಿದ್ದೆವು. ಸಿಲಿಂಡರಿಗೊಂದರಂತೆ ಸಾಲಾಗಿ ನಿಂತ ಗಾಜಿನ ಕೊಳವೆಗಳಲ್ಲಿ ಡೀಸೆಲ್ ಒಂದೇ ಮಟ್ಟಕ್ಕೆ ಏರಬೇಕು. ಕೈ ಎಷ್ಟು ತಿಕ್ಕಿದರೂ ಮಧ್ಯಾಹ್ನದ ಜೋಳದ ರೊಟ್ಟಿ, ಖಾರಬ್ಯಾಳಿ ಎಲ್ಲಕ್ಕೂ ಡೀಸೆಲ್ ವಾಸನೆ. ಊಟವಾದ ಮೇಲೆ ಹಳೆಯ ಬೇರಿಂಗಿನ ಗುಂಡುಗಳಿಂದ ಗೋಲಿಯಾಟ.

ಆ ಬೇಸಿಗೆ ನಮ್ಮೂರಿಗೇ ಬೋರ್ ಹೊಡೆಯುವ ಗಾಡಿ ಬಂತು. ಅದರ ಇಂಜಿನ್ನಿಗೆ ಆರು ಸಿಲಿಂಡರು, ಗಾಳಿ ತುರುಕಲು ಟರ್ಬೊ. ಪಂಪು ನಮ್ಮಲ್ಲೇ ರಿಪೇರಿಯಾಗಿತ್ತು. ಆರೂ ಕೊಳವೆಗಳನ್ನು ನಾನೇ ಸಮ ಮಾಡಿದ್ದೆ. ಆದರೆ ಅರ್ಧ ಕೊರೆಯುವಷ್ಟರಲ್ಲಿ ಇಂಜಿನ್ ಕರಿ ಹೊಗೆ ಕಾರಿ ಕುಸಿಯತೊಡಗಿತು. ಉಸ್ತಾದರಿಗೆ ಕರೆ ಬಂತು, ಬಸ್ಸು ಹಿಡಿದು ಇಬ್ಬರೂ ಹೋದೆವು.

ಅಂದೇ ಸಂಜೆ ಗುಳೆ ಹೋಗುವವರ ಲಾರಿ ಬರುವುದಿತ್ತು. ತಂಗಿಯನ್ನು ಕರೆದುಕೊಂಡು ಅವ್ವನೂ ಹೊರಟಿದ್ದಳು. ಅಷ್ಟರೊಳಗೆ ನೀರು ಬಿದ್ದರೆ ಅವ್ವ ಉಳಿಯುತ್ತಾಳೆ ಎಂದು ನಾನು ನಂಬಿದ್ದೆ. ಯಾರೂ ಹಾಗೆ ಹೇಳಿರಲಿಲ್ಲ.

ಬಿಸಿಲಲ್ಲಿ ಬಂದ ಉಸ್ತಾದರಿಗೆ ಅವ್ವ ಒಂದು ತಂಬಿಗೆ ನೀರು ಕೊಟ್ಟಳು. ಹರದಾರಿ ದೂರದಿಂದ ಹೊತ್ತು ತಂದ ನೀರು. ಅವರು ಒಂದು ಗುಟುಕೂ ಕುಡಿಯದೆ, ಓಡುತ್ತಿದ್ದ ಇಂಜಿನ್ನಿನ ಹೊಗೆಕೊಳವೆಗಳ ಮೇಲೆ ಅದನ್ನು ಚಿಮುಕಿಸಿದರು. ನೋಡಲು ಮಂದಿ ನೆರೆದಿತ್ತು.

"ಏ ಉಸ್ತಾದಾ, ತಲಿ ಕೆಟ್ಟದೇನೋ? ಕೂಸುಗಳಿಗಿಲ್ಲದ ನೀರು ಕಬ್ಬಿಣಕ್ಕ ಕುಡಿಸ್ತಿ?" ಪಕ್ಕದ ಮನೆಯ ಗುಂಡಮ್ಮಾಯಿ ಕೂಗಿದಳು.

"ಅಮ್ಮಾ, ಇಂಜಿನ್‌ಗ ಜ್ವರ ಬಂದದ್ರಿ. ಎಲ್ಲಿ ಅಂತ ಮುಟ್ಟಿ ನೋಡ್ಲಾಕ ಬರ್ತದೇನ್ರಿ? ಕೈ ಬೇಯ್ತದ."

ಐದು ಕೊಳವೆಗಳ ಮೇಲೆ ಹನಿ ಚುರ್ರೆಂದು ಆರಿತು. ಆರನೆಯದರ ಮೇಲೆ ಆರಲೇ ಇಲ್ಲ. ಮುತ್ತಿನಂತೆ ಪುಟಿದು ಉರುಳಿ ಬಿತ್ತು. ಅಷ್ಟು ಕಾದಿತ್ತು.

"ಆರೂ ಬರೋಬ್ಬರಿ ಮಾಡಿದ್ದೆನ್ರಿ!" ಎಂದೆ.

"ಡೀಸೆಲ್ ಬರೋಬ್ಬರಿ ಅದ ಬೇಟಾ. ಟರ್ಬೊ ಗಾಳಿ ಬರೋಬ್ಬರಿ ಹಂಚವಲ್ದು. ಕಡೀದಕ್ಕ ಗಾಳಿ ಕಮ್ಮಿ. ಉಸಿರೇ ಇಲ್ಲದವಗ ಹೊಟ್ಟಿ ತುಂಬ ಉಣಸಿದ್ರ ಹ್ಯಾಂಗ? ಅದರ ಪಾಲು ಕಮ್ಮಿ ಮಾಡು."

ಇಂಜಿನ್ ನಿಲ್ಲಿಸಿದರು. ಪಂಪಿನ ಪಕ್ಕದ ಮುಚ್ಚಳ ತೆಗೆದು, ಆರನೆಯ ಸಿಲಿಂಡರಿಗೆ ಡೀಸೆಲ್ ಅಳೆಯುವ ಹಲ್ಲುಗಾಲಿಯ ಸ್ಕ್ರೂ ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ ಬಿಗಿದೆ. ಮತ್ತೆ ಶುರುವಾದಾಗ ಹೊಗೆ ತಿಳಿಯಾಯಿತು, ಸದ್ದು ಒಂದಾಯಿತು. ಹೊತ್ತು ಇಳಿಯುವಾಗ ಬೋರಿನಿಂದ ಮೊದಲು ಬಿಳಿ ಧೂಳು, ಆಮೇಲೆ ಕೆಸರು, ಆಮೇಲೆ ನೀರು ಮುಗಿಲೆತ್ತರ ಚಿಮ್ಮಿತು. ತೊಯ್ದ ಅಂಗಿಯಲ್ಲೇ ಮನೆಗೆ ಓಡಿದೆ. ಅವ್ವ ಬಾಗಿಲಿಗೆ ಕೀಲಿ ಹಾಕುತ್ತಿದ್ದಳು.

"ಅವ್ವಾ, ನೀರು ಬಿತ್ತು! ಗಂಟು ಬಿಚ್ಚು!"

"ಛಲೋ ಆತು, ನಿನಗ ಜಳಕಾನೂ ಆತು," ಎಂದು ನಕ್ಕಳು. ಸೆರಗಿನಿಂದ ನನ್ನ ತಲೆ ಒರೆಸಿದಳು. ಗಂಟು ಬಿಚ್ಚಲಿಲ್ಲ.

"ಮತ್ತ್ಯಾಕ ಹೋಗ್ತಿ?"

"ಶಿವ್ಯಾ, ಕುಡೀಲಾಕ ನೀರು ಬಂತು. ದುಡೀಲಾಕ ಕೆಲಸ ಎಲ್ಲದ? ನಿನ್ನ ತಂಗಿಗಿ ಬರೇ ನೀರು ಕುಡಿಸಿ ಮಲಗಿಸ್ಲೇನು?"

ಇಂಜಿನ್ ಸರಿಯಾಗಿತ್ತು, ನೀರು ಬಂದಿತ್ತು, ಇನ್ನೇನು ಸರಿಮಾಡಬೇಕಿತ್ತು? ಅವ್ವ ತಂಗಿಯನ್ನು ಎತ್ತಿ ಲಾರಿಗೇರಿಸಿದಳು, ತಾನೂ ಹತ್ತಿದಳು. ಊರೆಲ್ಲ ಬೋರಿನ ಹತ್ತಿರ ಕುಣಿಯುತ್ತಿತ್ತು. ನಾನು ಲಾರಿಯ ಧೂಳಿನಲ್ಲಿ ಕಲ್ಲಾಗಿ ನಿಂತಿದ್ದೆ.

ಅವ್ವ ಹಬ್ಬಕ್ಕೆ ಬಂದು ಹೋಗುತ್ತಿದ್ದಳು, ಅಷ್ಟೆ. ಅವಳು ತೀರಿದ್ದೂ ಹೈದರಾಬಾದಿನಲ್ಲೇ. ತಂಗಿ ಈಗ ಫೋನಿನಲ್ಲಿ ಅರ್ಧ ಮಾತು ತೆಲುಗಿನಲ್ಲೇ ಆಡುತ್ತಾಳೆ. ನನಗೆ ಬೀದರದಲ್ಲಿ ಸ್ವಂತ ಅಂಗಡಿಯಿದೆ, ಯಾರ ಹಂಗಿನದೂ ಅಲ್ಲ. ಪಂಪು ಪರೀಕ್ಷಿಸುವ ಯಂತ್ರ ಎರಡು, ಕೆಲಸಗಾರರು ನಾಲ್ವರು, ಓದಿದ ಮಕ್ಕಳು ಇಬ್ಬರು, ಮನೆಯಲ್ಲಿ ನಳ ಮೂರು. ಅವ್ವನ ಜೊತೆ ಒಂದೇ ಮನೆಯಲ್ಲಿ ಬಾಳಿದ ವರ್ಷ ಹನ್ನೆರಡು.